ಓದುಗರ ಪ್ರಶ್ನೆ, ನಮ್ಮ ಉತ್ತರ: ದಾಂಪತ್ಯಕ್ಕೆ ಕಾವಲು ನಿಂತ ಭಯಗಳು

ಕಳೆದ ಸಂಚಿಕೆಯಲ್ಲಿ ಪಶ್ಚಿಮ ಆಫ್ರಿಕಾದ ಮದುವೆಯ ಪದ್ಧತಿಗಳ ಬಗ್ಗೆ ಒಂದು ಲೇಖನ ಬಂದಿತ್ತು. ಪರರ ಹೆಂಡತಿಯನ್ನು ಕೂಡಿದ ಗಂಡಸಿಗೆ ಅಲ್ಲೇ ಸಾವು ಬರುತ್ತದೆಂಬ ನಂಬಿಕೆಯ ಪ್ರಸ್ತಾಪ ಅದರಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು. ಆ ಒಂದು ಸಾಲೇ ಓದುಗರನ್ನು ಹೆಚ್ಚು ಕಾಡಿದೆ ಎಂಬುದು ಬಂದಿರುವ ಪತ್ರಗಳಿಂದ ತಿಳಿಯಿತು. ಹೀಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಆಫ್ರಿಕಾದಲ್ಲಿ 54 ದೇಶಗಳಿವೆ, ಸಾವಿರಕ್ಕೂ ಹೆಚ್ಚು ಭಾಷೆಗಳಿವೆ. ಒಂದು ಜನಾಂಗದ ಆಚಾರವನ್ನು ಇಡೀ ಖಂಡದ ತಲೆಗೆ ಕಟ್ಟುವುದು ಸಲ್ಲದು. ಆದ್ದರಿಂದ ಪ್ರತಿಯೊಂದು ನಂಬಿಕೆಯನ್ನೂ ಅದು ಯಾರದೋ ಅವರ ಹೆಸರಿನೊಂದಿಗೇ ಹೇಳಿದ್ದೇವೆ.

ಪ್ರಶ್ನೆ: ನನ್ನ ಊರು ದಾವಣಗೆರೆ, ಕೆಲಸ ನೈಜೀರಿಯಾದ ಲಾಗೋಸ್ ನಗರದಲ್ಲಿ. ವಿಶ್ವವಿದ್ಯಾಲಯದಲ್ಲಿ ಓದಿರುವ ನನ್ನ ಯೊರುಬಾ ಸಹೋದ್ಯೋಗಿಗಳು ಕೂಡ ‘ಮಾಗುನ್’ ಎಂಬ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಅದು ನಿಜಕ್ಕೂ ಏನು? ಓದಿದವರೂ ಅದನ್ನು ಏಕೆ ನಂಬುತ್ತಾರೆ?

ಉತ್ತರ: ಮಾಗುನ್ ಎಂಬುದು ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರಲ್ಲಿರುವ ಒಂದು ಮಾಟದ ನಂಬಿಕೆ. ಹೆಂಡತಿಯ ಮೇಲೆ ಅನುಮಾನ ಹುಟ್ಟಿದ ಗಂಡನೋ ಅವನ ಮನೆಯವರೋ ಮದ್ದು ಬಲ್ಲವನ ಬಳಿ ಹೋಗಿ ಅದನ್ನು ಮಾಡಿಸಿಕೊಂಡು ಬರುತ್ತಾರೆ. ಮಂತ್ರಿಸಿದ ಒಂದು ದಾರವನ್ನೋ ಪೊರಕೆಯ ಕಡ್ಡಿಯನ್ನೋ ಅವಳು ದಾಟುವ ಹೊಸ್ತಿಲಿನ ಮೇಲೆ ಇಟ್ಟರೆ ಸಾಕು, ಅವಳು ಅದನ್ನು ದಾಟಿದ ಗಳಿಗೆಯಿಂದ ಮಾಗುನ್ ಅವಳ ಮೈಯಲ್ಲಿ ನೆಲೆಸುತ್ತದೆ ಎನ್ನುತ್ತಾರೆ. ಅದಾದ ಮೇಲೆ ಅವಳನ್ನು ಕೂಡಿದ ಗಂಡಸಿಗೆ ಏನಾಗುತ್ತದೆ ಎಂಬುದಕ್ಕೆ ಹಲವು ಬಗೆಯ ವರ್ಣನೆಗಳಿವೆ: ಅವನು ಮೂರು ಸಲ ಲಾಗ ಹೊಡೆದು ಬಿದ್ದು ಸಾಯುತ್ತಾನೆ, ಹುಂಜದಂತೆ ಕೂಗಿ ಪ್ರಾಣ ಬಿಡುತ್ತಾನೆ, ನೀರು ಕೇಳುತ್ತಾನೆ ಮತ್ತು ಆ ನೀರನ್ನು ಕುಡಿದೊಡನೆ ಸಾಯುತ್ತಾನೆ. ಮಾಟ ಮಾಡಿಸಿದ ಗಂಡನೂ ಆ ಅವಧಿಯಲ್ಲಿ ಅವಳನ್ನು ಮುಟ್ಟುವಂತಿಲ್ಲ. ನಿಗದಿಯಾದ ಗಡುವಿನೊಳಗೆ ಯಾವ ಗಂಡಸೂ ಅವಳನ್ನು ಸೇರದಿದ್ದರೆ ಅವಳೇ ಸಾಯುತ್ತಾಳೆ ಎಂಬ ಮಾತೂ ಹಲವೆಡೆ ಇದೆ.

ಈ ಕೊನೆಯ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ನಂಬಿಕೆಯ ಪ್ರಕಾರವೇ ನೋಡಿದರೂ ತನ್ನ ಮೈಯಲ್ಲಿ ಏನಿದೆ ಎಂಬುದು ಆ ಹೆಣ್ಣಿಗೆ ಗೊತ್ತಿರುವುದಿಲ್ಲ. ತಪ್ಪು ಮಾಡದೆ ಮನೆಯಲ್ಲೇ ಇದ್ದವಳಿಗೂ ಸಾವಿನ ಗಡುವು ತಪ್ಪುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವಳ ಮಾತಂತೂ ಇಲ್ಲಿ ಎತ್ತುವವರೇ ಇಲ್ಲ. ದಾಂಪತ್ಯದ ನಿಷ್ಠೆಯನ್ನು ಕಾಯುವುದಕ್ಕೆಂದು ಹುಟ್ಟಿದ ಈ ಉಪಾಯದಲ್ಲಿ ಹೆಂಡತಿಯ ದೇಹ ಗಂಡ ಒಡ್ಡಿದ ಬಲೆಯಾಗುತ್ತದೆ. ಇದನ್ನು ಸಂಸ್ಕೃತಿಯ ಹೆಸರಿನಲ್ಲಿ ಮೃದುಗೊಳಿಸಿ ಹೇಳಲು ನಮಗೆ ಮನಸ್ಸಿಲ್ಲ, ಇದು ಕ್ರೌರ್ಯ.

ಓದಿದವರು ಏಕೆ ನಂಬುತ್ತಾರೆ ಎಂಬ ನಿಮ್ಮ ಪ್ರಶ್ನೆಗೆ ವೈದ್ಯಕೀಯದಲ್ಲಿ ಒಂದು ಸುಳಿವಿದೆ. ಅಮೆರಿಕದ ಹೃದಯ ಸಂಘ 2012ರಲ್ಲಿ ಹೃದ್ರೋಗ ಮತ್ತು ಲೈಂಗಿಕತೆಯ ಬಗ್ಗೆ ಹೊರಡಿಸಿದ ಹೇಳಿಕೆಯಲ್ಲಿ ಹಠಾತ್ ಸಾವುಗಳ ಮರಣೋತ್ತರ ಪರೀಕ್ಷೆಗಳ ವಿವರವಿದೆ. ಕೂಟದ ವೇಳೆ ಸಂಭವಿಸುವ ಹಠಾತ್ ಸಾವುಗಳು ತೀರ ವಿರಳ, ಒಟ್ಟು ಹಠಾತ್ ಸಾವುಗಳಲ್ಲಿ ನೂರಕ್ಕೆ ಎರಡೂ ಇಲ್ಲ. ಆದರೆ ಹಾಗೆ ಸತ್ತವರಲ್ಲಿ ಹೆಚ್ಚಿನವರು ಗಂಡಸರು, ಅವರಲ್ಲೂ ಸುಮಾರು ಮುಕ್ಕಾಲು ಪಾಲು ಜನ ಮದುವೆಯಾಚೆಗಿನ ಸಂಬಂಧದಲ್ಲಿದ್ದವರು. ಹೆಚ್ಚಿನ ಪ್ರಸಂಗಗಳಲ್ಲಿ ಜೊತೆಗಾತಿಗೆ ಅವರಿಗಿಂತ ಕಡಿಮೆ ವಯಸ್ಸು, ಜಾಗ ಅಪರಿಚಿತ, ಇಲ್ಲವೇ ಹೊಟ್ಟೆಯಲ್ಲಿ ಅತಿಯಾದ ಊಟ ಮತ್ತು ಮದ್ಯ. ಇಂತಹ ಒಂದು ಸಾವು ಒಂದು ಪಟ್ಟಣದಲ್ಲಿ ನಡೆದರೆ ಅದರ ಸುದ್ದಿ ಮಾಗುನ್‌ನ ಹೆಸರಿನಲ್ಲಿ ಹತ್ತು ವರ್ಷ ಓಡಾಡುತ್ತದೆ. ಏನೂ ಆಗದೆ ಮನೆಗೆ ಮರಳಿದ ಸಾವಿರಾರು ಜನರ ಬಗ್ಗೆ ಯಾರೂ ಕಥೆ ಕಟ್ಟುವುದಿಲ್ಲ. ಪದವಿ ಪಡೆದವರು ಕೂಡ ‘ಮದ್ದು ಹಾಕಿದ್ದಾರೆ’ ಎಂದು ಶಂಕಿಸಿ ಮದ್ದು ತೆಗೆಸಲು ಹೋಗುವುದನ್ನು ಕರ್ನಾಟಕದಲ್ಲಿ ಕಂಡವರಿಗೆ ನಿಮ್ಮ ಸಹೋದ್ಯೋಗಿಗಳ ತಗ್ಗಿದ ದನಿ ಅಷ್ಟೇನೂ ವಿಚಿತ್ರವೆನಿಸಲಾರದು.

ಪ್ರಶ್ನೆ: ಕಳ್ಳಸಂಬಂಧದಲ್ಲಿದ್ದ ಜೋಡಿಯೊಂದು ಪರಸ್ಪರ ಅಂಟಿಕೊಂಡು ಬಿಡಿಸಿಕೊಳ್ಳಲಾಗದೆ ನರಳುತ್ತಿದೆ ಎನ್ನುವ ವಿಡಿಯೊಗಳು ಆಫ್ರಿಕಾದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತವೆ. ಇದು ಸಾಧ್ಯವೇ? (ಓದುಗರು, ಕೊಪ್ಪಳ)

ಉತ್ತರ: ಸ್ನಾಯುಗಳ ಸೆಳೆತದಿಂದ ಕೆಲವು ಕ್ಷಣ ಹಾಗಾಗಬಹುದೆಂದು ವೈದ್ಯರು ಒಪ್ಪುತ್ತಾರೆ. ಅದು ತೀರ ಅಪರೂಪ ಮತ್ತು ತಾನಾಗಿಯೇ ಸಡಿಲಗೊಳ್ಳುವಂಥದ್ದು. ಗಂಟೆಗಟ್ಟಲೆ ಅಂಟಿಕೊಂಡಿದ್ದು ಗಂಡ ಬಂದು ಮಂತ್ರ ಹೇಳಿದಾಗ ಬಿಟ್ಟಿತು ಎಂಬುದು ಕಥೆ. ವೈದ್ಯಕೀಯ ಪುಸ್ತಕಗಳಲ್ಲಿ ಬಹುಕಾಲ ಉಲ್ಲೇಖಗೊಂಡ ಒಂದು ‘ಪ್ರಕರಣ’ವಂತೂ 1884ರಲ್ಲಿ ಖ್ಯಾತ ವೈದ್ಯ ವಿಲಿಯಂ ಆಸ್ಲರ್ ಸುಳ್ಳು ಹೆಸರಿನಲ್ಲಿ ಬರೆದು ಕಳಿಸಿದ ಕಟ್ಟುಕಥೆಯಾಗಿತ್ತು. ಅಂದರೆ ಈ ಕಥೆಗೆ ಆಫ್ರಿಕಾವೇ ಬೇಕೆಂದಿಲ್ಲ. ಪರಪುರುಷರನ್ನು ತಡೆಯಲು ಗಂಡ ಹೆಂಡತಿಯ ಮೇಲೆ ಮಾಡಿಸುವ ಮಾಟವೆಂದು ಜಿಂಬಾಬ್ವೆಯ ಶೋನಾ ಜನರು ಹೇಳುವ ‘ರುನ್ಯೋಕಾ’ದಲ್ಲಿ ಈ ಬಗೆಯ ಅಂಟಿಕೊಳ್ಳುವಿಕೆಯೂ ಒಂದು. ಅದರಲ್ಲೇ ಹೊಟ್ಟೆ ಊದಿಸುವ ಬಗೆ, ಹೊಟ್ಟೆಯೊಳಗೆ ಮೀನು ಈಜಾಡಿದಂತೆ ಅನಿಸುವ ಬಗೆ ಎಂದೆಲ್ಲ ಹಲವು ವಿಧಗಳನ್ನು ಹೇಳುತ್ತಾರೆ. ಅಂತಹ ವಿಡಿಯೊಗಳಲ್ಲಿ ಕಾಣುವವರು ಯಾರದೋ ಮಕ್ಕಳು, ಯಾರದೋ ತಂದೆತಾಯಿ. ದಯವಿಟ್ಟು ಅವನ್ನು ಮುಂದಕ್ಕೆ ಕಳಿಸಬೇಡಿ.

ಪ್ರಶ್ನೆ: ಈ ನಂಬಿಕೆಗಳೆಲ್ಲ ಹೆಂಗಸನ್ನು ಮಾತ್ರ ಕಟ್ಟಿಹಾಕುತ್ತವೆಯೇ? ಗಂಡಸಿನ ನಡತೆಗೂ ಕಡಿವಾಣ ಹಾಕುವ ಆಚಾರಗಳು ಇಲ್ಲವೇ? (ಸಮಾಜಶಾಸ್ತ್ರದ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಇವೆ. ಈ ಇಡೀ ವಿಷಯದಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದೂ ಅವೇ. ಒಂದು ನಂಬಿಕೆ ನಿಜವೋ ಸುಳ್ಳೋ ಎಂದು ಕೇಳುವುದಷ್ಟೇ ಸಾಲದು, ಅದರ ಭಯವನ್ನು ಯಾರು ಹೊರುತ್ತಾರೆ ಎಂಬುದನ್ನೂ ಕೇಳಬೇಕೆಂದು ನಮಗನಿಸಿದ್ದು ಇವುಗಳ ಬಗ್ಗೆ ಓದಿದ ಮೇಲೆ.

ಜಾಂಬಿಯಾದ ಉತ್ತರ ಭಾಗದ ಬೆಂಬಾ ಜನರ ನಡುವೆ 1930ರ ದಶಕದಲ್ಲಿ ಇದ್ದು ಅಧ್ಯಯನ ಮಾಡಿದ ಬ್ರಿಟಿಷ್ ಮಾನವಶಾಸ್ತ್ರಜ್ಞೆ ಆಡ್ರಿ ರಿಚರ್ಡ್ಸ್ ಒಂದು ಪುಟ್ಟ ಮಡಕೆಯ ಬಗ್ಗೆ ಬರೆದಿದ್ದಾರೆ. ಮದುವೆಯ ಹೊತ್ತಿಗೆ ವಧುವಿಗೆ ಕೊಡುತ್ತಿದ್ದ ಈ ಮಡಕೆಯನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಮನೆಯೊಳಗೆ ಬಚ್ಚಿಡಬೇಕಿತ್ತು. ಕೂಟದಿಂದ ಗಂಡಹೆಂಡಿರ ಮೈಗೆ ಒಂದು ಬಗೆಯ ‘ಕಾವು’ ಏರುತ್ತದೆ. ಆ ಮಡಕೆಯಲ್ಲಿ ನೀರು ಕಾಯಿಸಿ ಇಬ್ಬರೂ ಕೈ ತೊಳೆದುಕೊಳ್ಳುವವರೆಗೆ ಅವರು ಒಲೆಯ ಬೆಂಕಿಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಬೆಂಕಿಗೆ ಮೈಲಿಗೆ ತಗಲುತ್ತದೆ. ಆ ಬೆಂಕಿಯಲ್ಲಿ ಬೆಂದ ಅನ್ನ ಉಂಡ ಮಗು ಕಾಯಿಲೆ ಬಿದ್ದು ಸಾಯಬಹುದು. ಈ ಮಡಕೆ ಗಂಡಹೆಂಡಿರಿಬ್ಬರಿಗೆ ಸೇರಿದ್ದು. ಕದ್ದು ಬೇರೊಬ್ಬರನ್ನು ಸೇರಿದ ಗಂಡನಿಗಾಗಲಿ ಹೆಂಡತಿಗಾಗಲಿ ಆ ಕಾವನ್ನು ತೊಳೆದುಕೊಳ್ಳುವ ದಾರಿಯೇ ಇಲ್ಲ, ಏಕೆಂದರೆ ಪ್ರಿಯಕರನೊಂದಿಗೋ ಪ್ರಿಯತಮೆಯೊಂದಿಗೋ ಹಂಚಿಕೊಳ್ಳಲು ಮಡಕೆಯಿಲ್ಲ. ಆ ಮೈಲಿಗೆಯನ್ನು ಹೊತ್ತೇ ಮನೆಗೆ ಬರಬೇಕು, ಬಂದು ತನ್ನದೇ ಮಗುವಿನ ಒಲೆಯ ಮುಂದೆ ಕೂರಬೇಕು. ಯಾರೂ ನೋಡದಿದ್ದರೂ ಬೆಂಕಿ ಬಲ್ಲದು ಎಂಬ ಈ ಕಲ್ಪನೆಯಲ್ಲಿ ಗಂಡಸಿಗೆ ರಿಯಾಯಿತಿ ಇಲ್ಲ.

ಮಲಾವಿಯ ಚೇವಾ ಜನರ ‘ಮ್ದುಲೊ’ ಇದಕ್ಕೆ ಹತ್ತಿರದ್ದು. ಬಸುರಿಯ ಗಂಡ ಬೇರೆಡೆ ಹೋದರೆ ಅವನ ಕಾವು ಹೆಂಡತಿಯನ್ನೋ ಹುಟ್ಟಲಿರುವ ಮಗುವನ್ನೋ ಬಲಿ ತೆಗೆದುಕೊಳ್ಳುತ್ತದೆ. ಹೆಂಡತಿ ತಪ್ಪಿದರೂ ಪರಿಣಾಮ ಇದೇ. ಮೈ ಸೊರಗುವುದು, ಊದಿಕೊಳ್ಳುವುದು, ಬಿಡದ ಕೆಮ್ಮು, ಮಕ್ಕಳ ಸಾವು ಎಲ್ಲಕ್ಕೂ ಮ್ದುಲೊ ಕಾರಣವಾಗಬಹುದು. ಈ ನಂಬಿಕೆ ಅಡುಗೆಯ ಉಪ್ಪಿಗೂ ಹಬ್ಬಿದೆ. ಮುಟ್ಟಾದ ಹೆಂಗಸು ತಾನು ಮಾಡಿದ ಅಡುಗೆಗೆ ತಾನು ಉಪ್ಪು ಹಾಕುವಂತಿಲ್ಲ, ಆ ಕೆಲಸಕ್ಕೆ ಚಿಕ್ಕ ಹುಡುಗಿಯೊಬ್ಬಳನ್ನು ಕರೆಯಬೇಕು. ಪ್ರತಿದಿನದ ಊಟದೊಂದಿಗೆ ಬೆಸೆದುಕೊಂಡ ಇಂತಹ ನಿಯಮವನ್ನು ಮರೆಯುವುದಾದರೂ ಹೇಗೆ? ಉಗಾಂಡದ ಬಾಗಂಡಾ ಜನರು ‘ಅಮಕಿರೊ’ ಎನ್ನುವುದು ಬಹುಮಟ್ಟಿಗೆ ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಕಾಯಿಲೆಯನ್ನು. ಬಾಣಂತಿ ಬುದ್ಧಿ ಕೆಟ್ಟು ತನ್ನ ಕೂಸನ್ನೇ ತಿನ್ನಲು ಹೋಗುತ್ತಾಳೆ ಎಂಬಷ್ಟು ಭೀಕರವಾಗಿ ಅದನ್ನು ವರ್ಣಿಸುತ್ತಾರೆ. ಗರ್ಭಿಣಿಯಾಗಿದ್ದಾಗ ಅವಳೋ ಅವಳ ಗಂಡನೋ ಬೇರೆಯವರ ಸಂಗ ಮಾಡಿದ್ದೇ ಅದಕ್ಕೆ ಕಾರಣವೆನ್ನುತ್ತಾರೆ.

ಈ ಮೂರರ ನಡುವೆಯೂ ಇರುವುದು ಮಗು. ಬಸಿರು ಬಾಣಂತನಗಳಲ್ಲಿ ಹೆಂಡತಿಯಿಂದ ದೂರವಿರಬೇಕಾದ ಗಂಡಸು ಹಾದಿ ತಪ್ಪುವ ಕಾಲವೂ ಅದೇ, ಮನೆಯಲ್ಲಿ ಜೀವಕ್ಕೆ ಅಪಾಯ ಹೆಚ್ಚಿರುವ ಕಾಲವೂ ಅದೇ. ಆ ಸಮಯದಲ್ಲಿ ಗಂಡನ ಕಾಲನ್ನೂ ಕಟ್ಟುವ ಭಯವನ್ನು ಸಮಾಜ ಸೃಷ್ಟಿಸಿಕೊಂಡಿತು ಎಂಬುದನ್ನು ನಾವು ಗೌರವದಿಂದಲೇ ಕಾಣುತ್ತೇವೆ. ಆದರೆ ಇದರ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ಹೆರಿಗೆ ತಡವಾದಾಗ ‘ಯಾರೊಂದಿಗೆ ಹೋಗಿದ್ದೆ, ಹೆಸರು ಹೇಳು’ ಎಂದು ನೋವಿನಲ್ಲಿರುವ ಹೆಂಗಸನ್ನು ಒತ್ತಾಯಿಸುವ ಪದ್ಧತಿ ಈ ನಂಬಿಕೆಗಳ ಬೆನ್ನಿಗೇ ಬಂದಿದೆ. ಮಗು ಅಡ್ಡಲಾಗಿದ್ದರೆ ಅದಕ್ಕೆ ಬೇಕಾದದ್ದು ಶಸ್ತ್ರಚಿಕಿತ್ಸೆ, ತಪ್ಪೊಪ್ಪಿಗೆ ಅಲ್ಲ. ಒಪ್ಪಿಗೆಗಾಗಿ ಕಾಯುತ್ತ ಕಳೆದ ಒಂದೊಂದು ಗಂಟೆಯೂ ಎರಡು ಜೀವಗಳನ್ನು ಪಣಕ್ಕೊಡ್ಡುತ್ತದೆ.

ಪ್ರಶ್ನೆ: ಭಯವಲ್ಲದೆ ದಂಡದ ವ್ಯವಸ್ಥೆ ಇತ್ತೇ? ಸಾಕ್ಷಿಯಿಲ್ಲದ ಇಂತಹ ತಪ್ಪನ್ನು ಸಾಬೀತು ಮಾಡುತ್ತಿದ್ದುದಾದರೂ ಹೇಗೆ? (ವಕೀಲರು, ಹುಬ್ಬಳ್ಳಿ)

ಉತ್ತರ: ದಂಡವಿತ್ತು, ಅದು ಹೆಚ್ಚಾಗಿ ಗಂಡನ ಕೈ ಸೇರುತ್ತಿತ್ತು. ಆಫ್ರಿಕಾದ ಬಹಳಷ್ಟು ಸಮುದಾಯಗಳಲ್ಲಿ ಮದುವೆಯೆಂದರೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ದನವನ್ನೋ ಹಣವನ್ನೋ ತೆರವಾಗಿ ಕೊಟ್ಟು ಕಟ್ಟಿದ ನಂಟು. ಹೆಂಡತಿಯ ತಪ್ಪಿನಿಂದ ಮದುವೆ ಮುರಿದರೆ ತೆರವನ್ನು ಹಿಂದಿರುಗಿಸಬೇಕಾಗುತ್ತಿತ್ತು. ಆ ದನಗಳನ್ನು ಅವಳ ಅಣ್ಣನೋ ತಮ್ಮನೋ ತನ್ನ ಮದುವೆಗೆ ಆಗಲೇ ಕೊಟ್ಟುಬಿಟ್ಟಿರುತ್ತಿದ್ದ. ಹೀಗಾಗಿ ಹೆಂಡತಿಯ ನಡತೆಯ ಮೇಲೆ ಗಂಡನಿಗಿಂತ ಹೆಚ್ಚು ಕಣ್ಣಿಟ್ಟವರು ಅವಳ ತವರಿನವರೇ.

ದಕ್ಷಿಣ ಸುಡಾನಿನ ನುಎರ್ ದನಗಾಹಿಗಳಲ್ಲಿ ಈ ಲೆಕ್ಕ ಬಹಳ ಸೂಕ್ಷ್ಮವಾಗಿತ್ತು. 1930ರ ದಶಕದಲ್ಲಿ ಅಲ್ಲಿ ಅಧ್ಯಯನ ನಡೆಸಿದ ಬ್ರಿಟಿಷ್ ಮಾನವಶಾಸ್ತ್ರಜ್ಞ ಎವನ್ಸ್ ಪ್ರಿಚರ್ಡ್ ದಾಖಲಿಸಿದಂತೆ, ಸಿಕ್ಕಿಬಿದ್ದ ಪರಪುರುಷ ಗಂಡನಿಗೆ ಆರು ರಾಸುಗಳನ್ನು ಕೊಡಬೇಕಿತ್ತು. ಅವುಗಳಲ್ಲಿ ಒಂದು ಹಸುವಿನ ಉದ್ದೇಶವೇ ಬೇರೆ. ಹಾದರದ ಮೈಲಿಗೆ ತಾಗುವುದು ತಪ್ಪಿತಸ್ಥನಿಗಲ್ಲ, ಏನೂ ಅರಿಯದ ಗಂಡನಿಗೆ. ಅವನ ಸೊಂಟಕ್ಕೆ ನೋವು ಹತ್ತುತ್ತದೆ ಎಂಬುದು ಅವರ ನಂಬಿಕೆ. ಆ ಕೇಡನ್ನು ಕಳೆಯಲು ಅರ್ಪಿಸುವ ಹಸು ಅದು. ಇನ್ನು ಆ ಸಂಬಂಧದಿಂದ ಮಗು ಹುಟ್ಟಿದರೆ ಪರಿಹಾರದ ದನಗಳನ್ನು ಗಂಡ ಹಿಂದಿರುಗಿಸುತ್ತಿದ್ದ, ಏಕೆಂದರೆ ಅವನ್ನು ತನ್ನಲ್ಲೇ ಇಟ್ಟುಕೊಂಡರೆ ದನ ಕೊಟ್ಟವನು ಮಗುವಿನ ಮೇಲೆ ಹಕ್ಕು ಸಾಧಿಸಬಹುದು. ಮಗು ತನ್ನ ವಂಶದಲ್ಲೇ ಉಳಿಯುವುದು ಅವನಿಗೆ ದನಗಳಿಗಿಂತ ದೊಡ್ಡದಾಗಿತ್ತು.

ಘಾನಾದ ಅಕನ್ ಜನರಲ್ಲಿ ಈ ದಂಡಕ್ಕೆ ‘ಅಯೆಫರೆ’ ಎಂಬ ಹೆಸರಿತ್ತು, ಗಂಡನ ಅಂತಸ್ತು ಏರಿದಷ್ಟೂ ಅದರ ಮೊತ್ತ ಏರುತ್ತಿತ್ತು. ಅರಸನ ಹೆಂಡತಿಯನ್ನು ಮುಟ್ಟಿದವನಿಗೆ ಸಾವೇ ಶಿಕ್ಷೆ. ದಂಡ ಇರುವ ಕಡೆ ದಂಧೆಯೂ ಹುಟ್ಟುತ್ತದೆ: ಕೆಲವು ಗಂಡಂದಿರು ಹೆಂಡತಿಯನ್ನೇ ಮುಂದೆ ಬಿಟ್ಟು ಗಂಡಸರನ್ನು ಸಿಕ್ಕಿಸಿ ದಂಡ ವಸೂಲು ಮಾಡುತ್ತಿದ್ದರೆಂದು ಆ ಕರಾವಳಿಯಲ್ಲಿದ್ದ ಡಚ್ ವ್ಯಾಪಾರಿ ವಿಲೆಂ ಬಾಸ್ಮನ್ 18ನೇ ಶತಮಾನದ ಆರಂಭದಲ್ಲೇ ಬರೆದಿದ್ದಾನೆ.

ಸಾಬೀತು ಮಾಡುವ ವಿಷಯಕ್ಕೆ ಬಂದರೆ, ಮಧ್ಯ ಆಫ್ರಿಕಾದ ಅಜಾಂದೆ ಜನರ ‘ಬೆಂಗೆ’ ಪರೀಕ್ಷೆಯನ್ನು ಹೇಳಲೇಬೇಕು. ಒಂದು ಬಳ್ಳಿಯಿಂದ ತೆಗೆದ ವಿಷವನ್ನು ಕೋಳಿಮರಿಯ ಗಂಟಲಿಗೆ ಹಾಕಿ, ‘ಇಂಥವನು ನನ್ನ ಹೆಂಡತಿಯ ಸಂಗ ಮಾಡಿದ್ದು ನಿಜವಾದರೆ ಕೋಳಿ ಸಾಯಲಿ’ ಎಂದು ವಿಷಕ್ಕೇ ಹೇಳುತ್ತಾರೆ. ಕೋಳಿ ಸತ್ತರೆ ಅಷ್ಟಕ್ಕೇ ತೀರ್ಪು ಮುಗಿಯುವುದಿಲ್ಲ. ಎರಡನೆಯ ಕೋಳಿಗೆ ವಿಷ ಕೊಟ್ಟು ಮಾತನ್ನು ತಿರುಗಿಸಿ ಕೇಳಬೇಕು, ಈ ಸಲ ಕೋಳಿ ಬದುಕಿದರೆ ಮಾತ್ರ ಆರೋಪ ನಿಲ್ಲುತ್ತದೆ. ದೊರೆಯ ವಿಷಪರೀಕ್ಷೆಯ ಮುಂದೆ ಬೇರೆ ಮಾತಿರಲಿಲ್ಲ. ಬ್ರಿಟಿಷರ ಆಡಳಿತ ಬಂದ ಮೇಲೆ ನ್ಯಾಯಾಲಯಗಳು ಇದನ್ನು ಸಾಕ್ಷಿಯೆಂದು ಒಪ್ಪಲಿಲ್ಲ. ಹೆಂಗಸರು ಅಂದಿನಿಂದ ಹಿಡಿತ ತಪ್ಪಿದರೆಂದು ಅಜಾಂದೆ ಗಂಡಸರು ದೂರುತ್ತಿದ್ದರು. ಮಂಜುನಾಥನ ಸನ್ನಿಧಿಯ ಆಣೆಗೆ ಅಂಜಿ ನಿಜ ನುಡಿದವರ ಮಾತು ಕೇಳಿ ಬೆಳೆದ ನಮಗೆ, ತೀರ್ಪಿಗಿಂತ ಮೊದಲೇ ತೀರ್ಪಿನ ಭಯ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಇಂತಹ ಆಚಾರಗಳಿಂದ ದಾಂಪತ್ಯ ನಿಷ್ಠೆ ನಿಜವಾಗಿಯೂ ಹೆಚ್ಚುತ್ತದೆ ಎನ್ನಲು ಪುರಾವೆ ಉಂಟೇ? (ಓದುಗರು, ಹಿರಿಯೂರು)

ಉತ್ತರ: ಒಂದು ಕಡೆಯಿಂದ ಗಟ್ಟಿಯಾದ ಪುರಾವೆ ಸಿಕ್ಕಿದೆ. ಮಾಲಿ ದೇಶದ ಬಾಂದಿಯಾಗರಾ ಬಂಡೆಸಾಲಿನ ಡೋಗಾನ್ ಜನರ ನಡುವೆ ಹಲವು ದಶಕ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಬೆವರ್ಲಿ ಸ್ಟ್ರಾಸ್‌ಮನ್ ಮತ್ತು ಸಂಗಡಿಗರು 1,706 ತಂದೆ-ಮಗ ಜೋಡಿಗಳ ವಂಶವಾಹಿ ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಕುಟುಂಬದಲ್ಲಿ, ಪೂರ್ವಜರ ಧರ್ಮದವರು, ಮುಸ್ಲಿಮರು, ಕ್ರೈಸ್ತರು ಇದ್ದಾರೆ. ತಂದೆಯೆಂದು ಹೇಳಿಕೊಂಡವನು ಜೈವಿಕ ತಂದೆಯಾಗಿರದ ಪ್ರಸಂಗಗಳು ಒಟ್ಟಾರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಪೂರ್ವಜರ ಧರ್ಮದ ಕುಟುಂಬಗಳಲ್ಲಿ ಇದು ಕ್ರೈಸ್ತ ಕುಟುಂಬಗಳಿಗಿಂತ ಕಡಿಮೆಯಿತ್ತು, ಆ ವ್ಯತ್ಯಾಸ ಆಕಸ್ಮಿಕವೆನ್ನುವಂಥದ್ದಾಗಿರಲಿಲ್ಲ.

ಕಾರಣ ಊರಿನ ಮುಟ್ಟಿನ ಗುಡಿಸಲು. ಪೂರ್ವಜರ ಧರ್ಮದ ಹೆಂಗಸರು ಮುಟ್ಟಾದಾಗ ಮನೆ ಬಿಟ್ಟು ಅಲ್ಲಿ ಇರಬೇಕು. ಬಸಿರು ಮತ್ತು ದೀರ್ಘಕಾಲದ ಎದೆಹಾಲೂಡಿಕೆಯಿಂದಾಗಿ ಅಲ್ಲಿನ ಹೆಂಗಸರು ಮುಟ್ಟಾಗುವುದೇ ವಿರಳ. ಆದ್ದರಿಂದ ಒಬ್ಬಳು ಗುಡಿಸಲಿಗೆ ಹೋದಳೆಂದರೆ ಅವಳು ಮತ್ತೆ ಗರ್ಭ ಧರಿಸುವ ಹಂತಕ್ಕೆ ಬಂದಿದ್ದಾಳೆಂದು ಗಂಡನ ಮನೆಯವರಿಗೆಲ್ಲ ತಿಳಿಯುತ್ತದೆ, ಕಾವಲು ಬಿಗಿಯಾಗುತ್ತದೆ. ಮುಂದೆ ಬಸಿರಾದರೆ ದಿನ ಎಣಿಸಿ ತಂದೆ ಯಾರೆಂದು ಲೆಕ್ಕ ಹಾಕುವುದೂ ಸುಲಭ. ಸುಳ್ಳು ಹೇಳಿ ಮನೆಯಲ್ಲೇ ಉಳಿದರೆ ದೈವದ ಮುನಿಸು ಎಂಬ ಭಯ ಅವರನ್ನು ಗುಡಿಸಲಿಗೆ ಅಟ್ಟುತ್ತದೆ. ಅಂದರೆ ಅಲ್ಲಿ ಭಯ ನಿಷ್ಠೆಯನ್ನು ಹುಟ್ಟಿಸಿತು ಎನ್ನುವುದಕ್ಕಿಂತ ಹೆಣ್ಣಿನ ಮೈಯ ಲೆಕ್ಕವನ್ನು ಊರಿನ ಮುಂದಿಟ್ಟಿತು ಎನ್ನುವುದೇ ಹೆಚ್ಚು ನಿಜ. ಹಿರಿಯೂರಿನ ಸುತ್ತಲಿನ ಗೊಲ್ಲರಹಟ್ಟಿಗಳನ್ನು ಕಂಡಿರುವ ನಿಮಗೆ ಆ ಗುಡಿಸಲಿನ ಚಳಿ, ಮಳೆ, ಹಾವು ಚೇಳುಗಳ ಅಂಜಿಕೆ ಏನೆಂದು ಗೊತ್ತಿರುತ್ತದೆ. ನಮ್ಮಲ್ಲಿ ಆ ಆಚಾರಕ್ಕೆ ಕೊಡುವ ಕಾರಣ ಬೇರೆ, ಅದನ್ನು ಅನುಭವಿಸುವ ಹೆಂಗಸರ ಕಷ್ಟ ಬೇರೆಯಲ್ಲ.

ಇದಕ್ಕೆ ತದ್ವಿರುದ್ಧವಾಗಿ, ನಮೀಬಿಯಾದ ಹಿಂಬಾ ದನಗಾಹಿಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಜೈವಿಕ ತಂದೆ ತಾಯಿಯ ಗಂಡನಾಗಿರಲಿಲ್ಲ. ಈ ಸಂಗತಿ ತಂದೆತಾಯಂದಿರಿಗೆ ಹೆಚ್ಚಾಗಿ ಗೊತ್ತೇ ಇತ್ತು. ಗಂಡ ಆ ಮಕ್ಕಳನ್ನು ತನ್ನವರೆಂದೇ ಸಾಕುತ್ತಾನೆ, ಮಗುವಿಗೆ ಯಾವ ಕುಂದೂ ಬರುವುದಿಲ್ಲ. ದಾಂಪತ್ಯದ ಕಾವಲು ಇಷ್ಟು ಬಿಗಿಯಾಗಿರುವ ಖಂಡದಲ್ಲೇ ಇಷ್ಟು ಸಡಿಲವಾಗಿಯೂ ಸಮಾಜ ನೆಮ್ಮದಿಯಾಗಿ ನಡೆದಿದೆ.

ಪ್ರಶ್ನೆ: ಏಡ್ಸ್ ಹರಡಿದ ಕಾಲದಲ್ಲಿ ಈ ನಂಬಿಕೆಗಳು ಜನರನ್ನು ಕಾಪಾಡಿದವೇ, ಕೆಡಿಸಿದವೇ? (ಶುಶ್ರೂಷಕಿ, ಮಂಗಳೂರು)

ಉತ್ತರ: ಕಾಪಾಡಬೇಕಿತ್ತು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಪರಸಂಗಕ್ಕೆ ಅಂಜುವವನು ಸೋಂಕಿನಿಂದಲೂ ದೂರವಿರಬೇಕಲ್ಲವೇ? ಆದರೆ 1990ರ ದಶಕದ ಕೊನೆಯ ಹೊತ್ತಿಗೆ ಜಿಂಬಾಬ್ವೆಯಲ್ಲಿ ನಾಲ್ವರು ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಎಚ್‌ಐವಿ ಸೋಂಕಿತ್ತು, ಅದೇ ರುನ್ಯೋಕಾದ ನಾಡಿನಲ್ಲಿ. ಮೈ ಕರಗುವುದು, ಬಿಡದ ಭೇದಿ, ಕೆಮ್ಮು ಇವು ಏಡ್ಸ್‌ನ ಲಕ್ಷಣಗಳು. ಕೆನ್ಯಾದ ಲುವೊ ಜನರಲ್ಲಿ ನೇಮ ಮುರಿದವರಿಗೆ ತಗಲುವ ‘ಚಿರಾ’ ಎಂಬ ಸೊರಗು ರೋಗದ ಲಕ್ಷಣಗಳೂ ಹೆಚ್ಚುಕಡಿಮೆ ಅವೇ. ಆದ್ದರಿಂದ ರೋಗಿಯ ಮನೆಯವರು ‘ಇದು ಚಿರಾ’ ಎಂದು ತೀರ್ಮಾನಿಸಿ ಪರಿಹಾರದ ಪೂಜೆಗೂ ಬೇರುಮದ್ದಿಗೂ ಓಡಿದರು. ಚಿರಾ ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ, ಅದು ನೇಮ ಮುರಿದುದಕ್ಕೆ ಬಂದ ಶಿಕ್ಷೆ. ಹಾಗಿದ್ದ ಮೇಲೆ ಮುಂಜಾಗ್ರತೆ ಏಕೆ ಬೇಕು? ಇನ್ನು ರುನ್ಯೋಕಾ ಇರುವುದು ಗಂಡನುಳ್ಳವಳ ಮೈಯಲ್ಲಿ. ಹಾಗಾದರೆ ಮದುವೆಯಾಗದವಳ ಬಳಿ ಹೋದರೆ ಅಪಾಯವಿಲ್ಲ ಎಂಬ ಎಣಿಕೆಗೆ ಆ ನಂಬಿಕೆಯೊಳಗೇ ಜಾಗವಿದೆ. ಕಾಯಿಲೆಯನ್ನು ಪಾಪದ ಕೂಲಿಯೆಂದು ಕಂಡಲ್ಲೆಲ್ಲ ರೋಗಿ ನಾಚಿಕೆಯಿಂದ ಮುಚ್ಚಿಡುತ್ತಾನೆ. ಬಚ್ಚಿಟ್ಟ ರೋಗ ಎಷ್ಟು ದೂರ ಹೋಗುತ್ತದೆ ಎಂಬುದನ್ನು ವಾರ್ಡಿನಲ್ಲಿ ಕೆಲಸ ಮಾಡುವ ನೀವು ನಮಗಿಂತ ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ವ್ಯಭಿಚಾರದ ಕಲಮನ್ನು ರದ್ದು ಮಾಡಿತು. ಆಫ್ರಿಕಾದ ದೇಶಗಳಲ್ಲಿ ಈಗ ಕಾನೂನು ಏನು ಹೇಳುತ್ತದೆ? (ಕಾನೂನು ವಿದ್ಯಾರ್ಥಿ, ಕಲಬುರಗಿ)

ಉತ್ತರ: ದೇಶಕ್ಕೊಂದು ಬಗೆ. ಉಗಾಂಡದ ಸಂವಿಧಾನ ನ್ಯಾಯಾಲಯ 2007ರಲ್ಲೇ ತಮ್ಮ ದಂಡಸಂಹಿತೆಯ ವ್ಯಭಿಚಾರದ ಕಲಮನ್ನು ತಳ್ಳಿಹಾಕಿತು. ಮದುವೆಯಾದ ಹೆಂಗಸು ಯಾರೊಂದಿಗೆ ಹೋದರೂ ಅಪರಾಧ, ಗಂಡಸು ಬೇರೊಬ್ಬರ ಹೆಂಡತಿಯೊಂದಿಗೆ ಹೋದರೆ ಮಾತ್ರ ಅಪರಾಧ ಎಂಬ ಭೇದ ಅದರಲ್ಲಿತ್ತು. ಹೆಂಡತಿಯ ಪ್ರಿಯಕರನ ಮೇಲೆ ಗಂಡ ಪರಿಹಾರದ ದಾವೆ ಹೂಡುವ ಹಕ್ಕನ್ನು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2015ರಲ್ಲಿ ಕೊನೆಗೊಳಿಸಿತು. ಪಕ್ಕದ ಜಿಂಬಾಬ್ವೆಯ ನ್ಯಾಯಾಲಯಗಳು ಅದಾದ ನಂತರವೂ ಇಂತಹ ದಾವೆಗಳನ್ನು ವಿಚಾರಣೆಗೆ ಎತ್ತಿಕೊಂಡಿವೆ.

ಪ್ರಶ್ನೆ: ಗಂಡನಿಗೆ ದಂಡ ಸಿಗುತ್ತಿತ್ತು, ಮಾಟದ ದಾರಿಯಿತ್ತು, ವಿಷದ ಪರೀಕ್ಷೆಯಿತ್ತು. ಗಂಡನಿಂದ ನೊಂದ ಹೆಂಡತಿಗೆ ಏನಿತ್ತು? (ಓದುಗರು, ಸಾಗರ)

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನಿಮಗೆ ಋಣಿಗಳು. ಬಹುಪತ್ನಿತ್ವ ಒಪ್ಪಿತವಾಗಿದ್ದ ಕಡೆ ಗಂಡನ ಪರಸಂಗ ಅವನ ಹೆಂಡತಿಗೆ ಮಾಡಿದ ಅಪರಾಧ ಎನಿಸಿಕೊಳ್ಳುತ್ತಿರಲಿಲ್ಲ; ಅದು ಇನ್ನೊಬ್ಬ ಗಂಡನ ಹಕ್ಕಿಗೆ ಮಾಡಿದ ಧಕ್ಕೆ ಮಾತ್ರ. ಆದರೂ ಹೆಂಡತಿ ಸುಮ್ಮನೆ ಕೂತಿರಲಿಲ್ಲ. ಚೇವಾ ಜನರಲ್ಲಿ ಮದುವೆಗೆ ಹೊಣೆಗಾರರಾಗಿ ಎರಡೂ ಕಡೆಯ ‘ಎನ್‌ಖೋಸ್ವೆ’ಗಳು, ಸಾಮಾನ್ಯವಾಗಿ ಸೋದರಮಾವಂದಿರು, ನಿಲ್ಲುತ್ತಾರೆ. ಗಂಡ ತಪ್ಪಿದನೆಂದು ಹೆಂಡತಿ ಅವರ ಮುಂದೆ ದೂರು ಇಡಬಹುದು, ಅವರು ಅವನನ್ನು ಕರೆಸಿ ವಿಚಾರಿಸಬೇಕು.

ಆಗ್ನೇಯ ನೈಜೀರಿಯಾದ ಇಗ್ಬೊ ಹೆಂಗಸರ ದಾರಿ ಇನ್ನೂ ಗಟ್ಟಿಯಾದದ್ದು. ಹೆಂಡತಿಯನ್ನು ಹಿಂಸಿಸಿದ ಗಂಡಸಿನ ಮೇಲೆ ಊರಿನ ಹೆಂಗಸರೆಲ್ಲ ಸೇರಿ ‘ಕೂರುತ್ತಿದ್ದರು’. ಅವನ ಅಂಗಳಕ್ಕೆ ಒಟ್ಟಾಗಿ ಹೋಗಿ, ಅವನು ಮಾಡಿದ್ದನ್ನೆಲ್ಲ ಎಳೆಎಳೆಯಾಗಿ ಹಾಡು ಕಟ್ಟಿ ಹಾಡಿ ಕುಣಿದು, ಅವನ ಗಂಡಸುತನವನ್ನೇ ಹಂಗಿಸಿ, ಒನಕೆಗಳಿಂದ ಅವನ ಗುಡಿಸಲಿನ ಗೋಡೆಯನ್ನು ಕುಟ್ಟುತ್ತಿದ್ದರು. ಅವನು ತಪ್ಪೊಪ್ಪಿಕೊಂಡು ನಡತೆ ತಿದ್ದಿಕೊಳ್ಳುವೆನೆಂದು ಮಾತು ಕೊಡುವವರೆಗೆ ಅವರು ಕದಲುತ್ತಿರಲಿಲ್ಲ, ಉಳಿದ ಗಂಡಸರು ಅಡ್ಡ ಬರುತ್ತಿರಲಿಲ್ಲ. 1929ರಲ್ಲಿ, ತಮ್ಮ ಮೇಲೆ ತೆರಿಗೆ ಬೀಳಲಿದೆಯೆಂದು ಕೇಳಿದ ಇದೇ ಹೆಂಗಸರು ಇದೇ ವಿಧಾನವನ್ನು ಬ್ರಿಟಿಷರು ನೇಮಿಸಿದ್ದ ಮುಖ್ಯಸ್ಥರ ಮೇಲೆ ಪ್ರಯೋಗಿಸಿದರು. ಸರ್ಕಾರ ಅದನ್ನು ದಂಗೆಯೆಂದು ಕರೆದು ಗುಂಡು ಹಾರಿಸಿತು, ಐವತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಆ ಬಳಿಕ ಹೆಂಗಸರು ಗುಂಪುಗೂಡಿ ಗಂಡಸಿನ ಅಂಗಳಕ್ಕೆ ಹೋಗುವುದು ಅಧಿಕಾರಿಗಳ ಕಣ್ಣಿಗೆ ಶಾಂತಿಭಂಗವಾಯಿತು. ಆದರೆ ಹೆಂಡತಿಯ ಪ್ರಿಯಕರನಿಂದ ಪರಿಹಾರ ಕೇಳುವ ಗಂಡನ ದಾವೆಗೆ ವಸಾಹತು ಕಾಲದ ದೇಶೀ ನ್ಯಾಯಾಲಯಗಳ ಬಾಗಿಲು ತೆರೆದೇ ಇತ್ತು.